ಮಗೂಗೆ ಲೆಡ್ ಟೆಸ್ಟ್ ಅಂದ ತಕ್ಷಣ ನಾವು ಯಾಕೆ ಗಾಬರಿ ಬೀಳ್ತೀವಿ

ನಾವಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿ ಮಗೂಗೆ ಒಂದು ವರ್ಷ ಆದಾಗ ಒಂದ್ಸಲ, ಎರಡು ವರ್ಷಕ್ಕೆ ಇನ್ನೊಂದ್ಸಲ ರಕ್ತದಲ್ಲಿ ಸೀಸ (ಲೆಡ್) ಎಷ್ಟಿದೆ ಅಂತ ನೋಡ್ಬೇಕು ಅನ್ನೋದು ರಾಜ್ಯದ ನಿಯಮ. ಅಮೆರಿಕದಲ್ಲಿ ಎಲ್ಲಾ ಕಡೆ ಹೀಗಿಲ್ಲ, ಎಷ್ಟೋ ರಾಜ್ಯಗಳಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ) ಇರೋ ಮಕ್ಕಳಿಗೆ ಮಾತ್ರ ಕಡ್ಡಾಯ, ಮಿಕ್ಕವರಿಗೆ ಡಾಕ್ಟರು ಪ್ರಶ್ನೆ ಕೇಳಿ ಅನುಮಾನ ಬಂದ್ರೆ ಮಾಡಿಸ್ತಾರೆ.

ನಮ್ಮ ಮಗಳಿಗೆ ಒಂದು ವರ್ಷದ ಚೆಕಪ್‌ನಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತಗೊಂಡ್ರು, ಮೂರೇ ನಿಮಿಷದಲ್ಲಿ ನಂಬರ್ ಬಂತು, 6. ನರ್ಸ್ ಏನೂ ಗಾಬರಿ ಇಲ್ದೆ ಇದು ಸ್ವಲ್ಪ ಜಾಸ್ತಿ ಇದೆ, ತೋಳಿನ ನರದಿಂದ ರಕ್ತ ತಗೊಂಡು ಇನ್ನೊಂದ್ಸಲ ನೋಡೋಣ ಅಂದ್ರು. ನನ್ನ ಹೆಂಡ್ತಿ ಆವತ್ತು ರಾತ್ರಿ ನಿದ್ದೆ ಮಾಡ್ಲಿಲ್ಲ. ಊರಿಂದ ಬಂದಿದ್ದ ಅಮ್ಮ, ಮಗು ಚೆನ್ನಾಗಿ ಆಡ್ಕೊಂಡು ಉಂಡ್ಕೊಂಡು ಇದೆ, ಇಷ್ಟು ಪುಟ್ಟ ಕೂಸಿನ ಮೈಯಿಂದ ಎರಡೆರಡು ಸಲ ರಕ್ತ ಯಾಕೆ ತೆಗೀತಾರೆ ಅಂತ ಬೇಜಾರು ಮಾಡ್ಕೊಂಡ್ರು. ನಾನು ಇಬ್ಬರಿಗೂ ಸಮಾಧಾನ ಹೇಳೋಕೆ ಹೋಗಿ ಫೋನಲ್ಲಿ ಓದ್ತಾ ಕೂತು ಇನ್ನೂ ಹೆದರಿಕೊಂಡೆ. ಒಂದು ವಾರ ಬಿಟ್ಟು ನರದಿಂದ ತೆಗೆದ ರಕ್ತದ ರಿಪೋರ್ಟ್ ಬಂತು, 2.6. ಬೆರಳ ಚರ್ಮದ ಮೇಲೆ ಅಂಟಿಕೊಂಡಿದ್ದ ಧೂಳಿನ ಸೀಸಾನೂ ಆ ಒಂದು ಹನಿಗೆ ಸೇರ್ಕೊಂಡು ಮೊದಲನೇ ನಂಬರ್ ಜಾಸ್ತಿ ತೋರಿಸಿರಬಹುದು, ಇದು ಮಾಮೂಲಿ ಆಗ್ತಾ ಇರುತ್ತೆ, ಅದಕ್ಕೇ ಬೆರಳ ಟೆಸ್ಟ್ ಒಂದನ್ನೇ ನಂಬಲ್ಲ ಅಂತ ಡಾಕ್ಟರ್ ವಿವರಿಸಿದ್ರು. ಈ ಮಾತನ್ನ ಮೊದಲನೇ ದಿನಾನೇ ಹೇಳಿದ್ರೆ ನಮ್ಮ ಒಂದು ವಾರ ಅಷ್ಟು ಕಷ್ಟ ಆಗ್ತಿರಲಿಲ್ಲ, ಇಲ್ಲಿನ ವ್ಯವಸ್ಥೆಯಲ್ಲಿ ನನಗೆ ಕಾಣೋ ಕೊರತೆ ಇದು, ನಂಬರ್ ಬೇಗ ಕೊಡ್ತಾರೆ ಅದರ ಅರ್ಥ ನಿಧಾನಕ್ಕೆ ಕೊಡ್ತಾರೆ.

ಆ ಅರ್ಥ ಏನು ಅಂದ್ರೆ, ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಇಟ್ಟುಕೊಂಡಿರೋ ಗೆರೆ ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ. ಅದಕ್ಕೆ ಮುಂಚೆ 5 ಇತ್ತು, 1991ರಿಂದ 2012ರ ತನಕ 10. ತುಂಬಾ ಜನ ಅಂದುಕೊಂಡಿರೋ ಹಾಗೆ 3.5ಕ್ಕಿಂತ ಕೆಳಗಿದ್ರೆ ಸೇಫ್, ಮೇಲಿದ್ರೆ ವಿಷ ಅಂತಲ್ಲ. ಈ ದೇಶದ ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು ಸೀಸ ಇರೋ 2.5 ಪರ್ಸೆಂಟ್ ಮಕ್ಕಳು ಯಾರು ಅಂತ ಗುರುತಿಸೋಕೆ ಎಳೆದ ಗೆರೆ ಅದು. ಮಕ್ಕಳಿಗೆ ಸೇಫ್ ಅನ್ನೋ ಮಟ್ಟ ಯಾವುದೂ ಗೊತ್ತಾಗಿಲ್ಲ. ಹಾಗಂತ 4 ಬಂದ್ರೆ ಔಷಧಿ ಕೊಡಲ್ಲ, ಸೀಸವನ್ನ ದೇಹದಿಂದ ಹೊರಗೆ ಹಾಕೋ ಕಿಲೇಶನ್ ಔಷಧಿ ಸಾಮಾನ್ಯವಾಗಿ 45 ದಾಟಿದ ಮೇಲೇನೇ. ಅದಕ್ಕಿಂತ ಕೆಳಗೆ ಮಾಡೋದು ಇಷ್ಟೇ, ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸೋದು, ಕಬ್ಬಿಣದಂಶ ಕ್ಯಾಲ್ಸಿಯಂ ಸರಿಯಾಗಿ ಸಿಗೋ ಹಾಗೆ ನೋಡ್ಕೊಳ್ಳೋದು, ಮತ್ತೆ ಟೆಸ್ಟ್ ಮಾಡಿಸೋದು.

ಹುಡುಕೋ ಕೆಲಸ ನನಗೆ ಬಹಳ ಹಿಡಿಸ್ತು. ಮನೆ ಯಾವ ಇಸವಿಯದ್ದು ಅಂತ ನರ್ಸ್ ಮೊದಲು ಕೇಳಿದ್ರು, ಯಾಕಂದ್ರೆ ಮನೆಗೆ ಸೀಸದ ಪೇಂಟ್ ಹೊಡೆಯೋದನ್ನ ಇಲ್ಲಿ ನಿಲ್ಲಿಸಿದ್ದು 1978ರಲ್ಲಿ, ನಾವು ಬಾಡಿಗೆಗಿರೋ ಮನೆ ಅದಕ್ಕಿಂತ ಹಳೇದು, ಹಳೇ ಕಿಟಕಿ ಎತ್ತಿ ಇಳಿಸಿದಾಗೆಲ್ಲಾ ಪೇಂಟ್ ಉಜ್ಜಿ ಸಣ್ಣ ಪುಡಿ ಬೀಳುತ್ತೆ, ಮಗಳು ಆ ಕಿಟಕಿ ಹಿಡ್ಕೊಂಡೇ ನಿಲ್ಲೋದು ಕಲಿತಿದ್ದು. ಆಮೇಲೆ ಅರಿಶಿನ ಎಲ್ಲಿಂದ ತರಿಸ್ತೀರಿ, ಕಣ್ಣಿಗೆ ಕಾಡಿಗೆ ಹಚ್ತೀರಾ, ಹಿತ್ತಾಳೆ ಪಾತ್ರೇಲಿ ಅಡುಗೆ ಮಾಡ್ತೀರಾ, ಊರಿಂದ ತಂದ ಭಸ್ಮ ಪುಡಿ ಏನಾದ್ರೂ ಕೊಡ್ತೀರಾ ಅಂತ ಕೇಳಿದ್ರು. ಅಮ್ಮನಿಗೆ ಇಲ್ಲಿ ಸಿಟ್ಟು ಬಂತು, ನಮ್ಮ ಪದ್ಧತೀನೆಲ್ಲಾ ವಿಷ ಅಂತಾರಲ್ಲ ಅಂತ. ನಾನು ಅಮ್ಮನ ಹತ್ರ ಕೂತು ಹೇಳಿದೆ, ಅರಿಶಿನ ವಿಷ ಅಲ್ಲ, ಬಣ್ಣ ಹೊಳೀಲಿ ಅಂತ ಅದಕ್ಕೆ ಲೆಡ್ ಕ್ರೋಮೇಟ್ ಅನ್ನೋ ಸೀಸದ ಹಳದಿ ಬಣ್ಣ ಬೆರೆಸೋರು ಇದ್ದಾರೆ ಅದು ವಿಷ. ನೀನು ದೀಪದ ಮಸಿಯಿಂದ ಮಾಡ್ತಿದ್ದ ಕಾಡಿಗೆಯಲ್ಲ ಅವರು ಕೇಳ್ತಿರೋದು, ಕೆಲವು ಸುರ್ಮಾಗಳನ್ನ ಸೀಸದ ಅದಿರನ್ನೇ ಅರೆದು ಮಾಡ್ತಾರೆ. ಬಾಂಗ್ಲಾದೇಶದಲ್ಲಿ ಈ ಅರಿಶಿನದ ಕಲಬೆರಕೆ ಜೋರಾಗಿತ್ತು, 2019ರಿಂದ ಅಲ್ಲಿನ ಸರ್ಕಾರ ಮಾರ್ಕೆಟ್‌ಗೇ ಹೋಗಿ ಟೆಸ್ಟ್ ಮಾಡಿ ದಂಡ ಹಾಕಿ ಎರಡೇ ವರ್ಷದಲ್ಲಿ ಹೆಚ್ಚುಕಮ್ಮಿ ನಿಲ್ಲಿಸಿಬಿಡ್ತು, ಅಂದ್ರೆ ನಮ್ಮಂಥ ದೇಶಗಳಲ್ಲಿ ಆಗಲ್ಲ ಅನ್ನೋ ಮಾತೇ ಇಲ್ಲ.

ಎಲ್ಲಾ ಮಕ್ಕಳಿಗೂ ಟೆಸ್ಟ್ ಮಾಡೋದ್ರಿಂದ ಏನು ಸಿಗುತ್ತೆ ಅಂತ ಕೇಳೋರಿಗೆ ನಾನು ಎರಡು ಉದಾಹರಣೆ ಹೇಳ್ತೀನಿ. ಮಿಷಿಗನ್‌ನ ಫ್ಲಿಂಟ್ ಊರಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿದ ಮೇಲೆ ನೀರು ಸರಿಯಿಲ್ಲ ಅಂತ ಜನ ಎಷ್ಟು ಕೂಗಿದ್ರೂ ಅಧಿಕಾರಿಗಳು ಕೇಳ್ಲಿಲ್ಲ, 2015ರಲ್ಲಿ ಮೋನಾ ಹನ್ನಾ ಅಟಿಶಾ ಅನ್ನೋ ಮಕ್ಕಳ ಡಾಕ್ಟರ್ ಐದು ವರ್ಷದೊಳಗಿನ ಮಕ್ಕಳ ರಕ್ತದ ರಿಪೋರ್ಟ್‌ಗಳನ್ನ ಒಟ್ಟು ಹಾಕಿ, 5ಕ್ಕಿಂತ ಜಾಸ್ತಿ ಸೀಸ ಇರೋ ಮಕ್ಕಳು 2.4 ಪರ್ಸೆಂಟಿಂದ 4.9ಕ್ಕೆ ಹೋಗಿದ್ದಾರೆ ಅಂತ ತೋರಿಸಿದ್ರು. ಇನ್ನೊಂದು 2023ರದ್ದು, ದಾಲ್ಚಿನ್ನಿ ಹಾಕಿದ ಆಪಲ್ ಸಾಸ್ ಪೌಚ್‌ನಲ್ಲಿ ಸೀಸ ಇದೆ ಅಂತ ಗೊತ್ತಾಗಿದ್ದು ನಾರ್ತ್ ಕ್ಯಾರೊಲಿನಾದಲ್ಲಿ ನಾಲ್ಕು ಮಕ್ಕಳ ರಕ್ತದ ನಂಬರ್ ಏರಿದ್ದು ಯಾಕೆ ಅಂತ ಬೆನ್ನು ಹತ್ತಿ ಹೋಗಿದ್ದರಿಂದ. ಆ ರಿಪೋರ್ಟ್‌ಗಳೇ ಇಲ್ದಿದ್ರೆ ಎರಡು ಕಡೆನೂ ಅಪ್ಪ ಅಮ್ಮಂದಿರ ಮಾತನ್ನ ಯಾರು ಕೇಳ್ತಿದ್ರು?

ನಮ್ಮ ದೇಶಕ್ಕೆ ಇದು ಹೊಸ ವಿಷಯ ಏನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿದ್ದ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಅವರು ಜಾರ್ಜ್ ಫೌಂಡೇಶನ್ ಅನ್ನೋ ಸಂಸ್ಥೆ ಜೊತೆ ಸೇರಿ 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಮಕ್ಕಳ ರಕ್ತ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ 10ರ ಮೇಲಿತ್ತು. 2000ದಲ್ಲಿ ಸೀಸದ ಪೆಟ್ರೋಲ್ ಹೋಯ್ತು, 2017ರಿಂದ ಮನೆ ಪೇಂಟ್‌ನಲ್ಲಿರೋ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮಿತಿ ಬಂತು, ಇವೆಲ್ಲಾ ದೊಡ್ಡ ಕೆಲಸಗಳೇ. ಆದ್ರೂ 2020ರ ಯುನಿಸೆಫ್ ವರದಿ ಪ್ರಕಾರ ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ 5ಕ್ಕಿಂತ ಜಾಸ್ತಿ ಸೀಸ ಇರಬಹುದು ಅನ್ನೋ ಅಂದಾಜಿದೆ. ಇದರ ಜೊತೆ ಐದು ವರ್ಷದೊಳಗಿನ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಅಂತ ನಮ್ಮದೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು, ಕಬ್ಬಿಣದಂಶ ಕಮ್ಮಿ ಇರೋ ಮಗುವಿನ ಕರುಳು ಸೀಸವನ್ನ ಇನ್ನೂ ಜಾಸ್ತಿ ಹೀರ್ಕೊಳ್ಳುತ್ತೆ, ಮೊದಲೇ ಚಿಕ್ಕ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರ್ಕೊಳ್ತಾರೆ. ಲಸಿಕೆ ಕಾರ್ಡು, ತೂಕ, ಅಂಗನವಾಡಿ ಎಲ್ಲಾ ಇರೋ ದೇಶದಲ್ಲಿ ಈ ಒಂದು ಟೆಸ್ಟ್‌ಗೆ ಮಾತ್ರ ಜಾಗ ಇಲ್ಲ. ನನ್ನ ತಂಗಿ ಅಲ್ಲಿ ತನ್ನ ಮಗನಿಗೆ ಕೇಳಿದ್ರೆ ಲಕ್ಷಣ ಏನಾದ್ರೂ ಇದ್ಯಾ, ಇಲ್ಲ ಅಂದ್ರೆ ಯಾಕೆ ಅಂತ ಕಳಿಸಿದ್ರಂತೆ. ಹತ್ತು ಇಪ್ಪತ್ತರ ಮಟ್ಟದಲ್ಲಿ ಲಕ್ಷಣ ಅಂತ ಸಾಮಾನ್ಯವಾಗಿ ಏನೂ ಕಾಣಲ್ಲ, ಒಳಗೊಳಗೇ ಕಲಿಕೆಗೆ ಗಮನಕ್ಕೆ ಪೆಟ್ಟು ಬೀಳೋದು, ಹಾಗಾಗಿ ಲಕ್ಷಣ ಬರ್ಲಿ ಅಂತ ಕಾಯೋದು ನನಗಂತೂ ಒಪ್ಪಿಗೆ ಇಲ್ಲ. (ಇಂಗ್ಲೆಂಡಲ್ಲೂ ಎಲ್ಲಾ ಮಕ್ಕಳಿಗೂ ಮಾಡಲ್ಲ, ಅದಕ್ಕೇ ಇದನ್ನ ಮುಂದುವರಿದ ದೇಶ ಹಿಂದುಳಿದ ದೇಶ ಅಂತ ನೋಡೋದು ಬೇಡ.)

ಈಗ ಇನ್ನೊಂದು ಕಡೆಯ ಮಾತು, ಇದನ್ನ ಹೇಳದೆ ಇರೋಕಾಗಲ್ಲ. ಇಲ್ಲಿನ ನಮ್ಮ ಅಪ್ಪ ಅಮ್ಮಂದಿರ ಗುಂಪುಗಳಲ್ಲಿ ಮಗು ಮಾತು ತಡ ಮಾಡಿದ್ರೆ ಸಾಕು ಕೂದಲು ಕಳಿಸಿ ಹೆವಿ ಮೆಟಲ್ ಪ್ಯಾನೆಲ್ ಮಾಡಿಸಿ, ಮೂವತ್ತು ಲೋಹ ಒಂದೇ ಸಲ ಗೊತ್ತಾಗುತ್ತೆ ಅಂತ ಸಲಹೆ ಬರುತ್ತೆ. ಕೂದಲಿಗೆ ಹೊರಗಿನ ಧೂಳು, ಶಾಂಪೂ, ನೀರು ಎಲ್ಲಾ ಅಂಟಿರುತ್ತೆ, ಆ ನಂಬರಿಂದ ಮಗುವಿನ ದೇಹದ ಬಗ್ಗೆ ಏನೂ ಹೇಳೋಕಾಗಲ್ಲ. ಇನ್ನೂ ಕೆಟ್ಟದು, ಮೊದಲು ಕಿಲೇಶನ್ ಔಷಧಿ ಕೊಟ್ಟು ಆಮೇಲೆ ಮೂತ್ರ ಟೆಸ್ಟ್ ಮಾಡೋದು, ಆ ಔಷಧಿ ಕೊಟ್ರೆ ಯಾರ ಮೂತ್ರದಲ್ಲಾದ್ರೂ ಲೋಹ ಜಾಸ್ತಿನೇ ಬರುತ್ತೆ, ಅದನ್ನ ಔಷಧಿ ಇಲ್ದಾಗಿನ ಮಟ್ಟಕ್ಕೆ ಹೋಲಿಸಿ ವಿಷ ಇದೆ ಅಂತ ಹೆದರಿಸ್ತಾರೆ. ಇಲ್ಲಿನ ಟಾಕ್ಸಿಕಾಲಜಿ (ವಿಷಗಳ ಬಗೆಗಿನ ವೈದ್ಯಶಾಸ್ತ್ರ) ಡಾಕ್ಟರುಗಳ ಸಂಘ ಇದು ತಪ್ಪು ಅಂತ ಸ್ಪಷ್ಟವಾಗಿ ಹೇಳಿದೆ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನೊಬ್ಬ ಕಿಲೇಶನ್ ಕೊಡುವಾಗ ರಕ್ತದ ಕ್ಯಾಲ್ಸಿಯಂ ಕುಸಿದು ತೀರ್ಕೊಂಡ. ಮಾತು ತಡ ಆಗಿರೋ, ಎಲ್ಲಾನೂ ಬಾಯಿಗೆ ಹಾಕ್ಕೊಳ್ಳೋ ಮಗುವಿಗೆ ರಕ್ತದ ಲೆಡ್ ಟೆಸ್ಟ್ ಖಂಡಿತ ಬೇಕು, ಎರಡು ವರ್ಷ ದಾಟಿದ್ರೂ ಬೇಕು, ಆದ್ರೆ ರಕ್ತದ್ದು, ಸರಿಯಾದ ಲ್ಯಾಬಲ್ಲಿ. ಆ ಪ್ಯಾನೆಲ್‌ನಲ್ಲಿ ಬರೋ ಇನ್ನೊಂದು ವಿಷ ಆರ್ಸೆನಿಕ್, ಅದರ ಟೆಸ್ಟ್‌ಗೆ ಮುಂಚೆ ನಾಲ್ಕೈದು ದಿನ ಮೀನು ಸಿಗಡಿ ತಿನ್ಸಿದ್ರೆ ಹಾನಿ ಇಲ್ಲದ ಆರ್ಸೆನಿಕ್ಕೇ ಮೂತ್ರದಲ್ಲಿ ರಾಶಿ ಬಂದು ಮನೆಮಂದಿಯೆಲ್ಲಾ ಅಳೋ ಹಾಗಾಗುತ್ತೆ, ಇಂಥದ್ದನ್ನೂ ಆ ಪ್ಯಾನೆಲ್ ಮಾರೋರು ಹೇಳಲ್ಲ.

ತಂಗಿಗೆ ನಾನು ಹೇಳಿದ್ದು, ಇನ್ನೊಬ್ಬ ಮಕ್ಕಳ ಡಾಕ್ಟರ್ ಹತ್ರ ಹೋಗಿ ನರದಿಂದ ತೆಗೆದ ರಕ್ತದಲ್ಲಿ ಲೆಡ್ ಒಂದು, ಹಿಮೋಗ್ಲೋಬಿನ್ ಮತ್ತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣದಂಶ ತೋರಿಸೋ ಟೆಸ್ಟ್) ಜೊತೆಗೆ ಬರೆಸ್ಕೋ, ಬೇರೆ ಯಾವ ಪ್ಯಾಕೇಜೂ ಬೇಡ. ಮಾಡಿಸಿದ್ಳು, 7 ಬಂತು. ಈಗ ಅವಳು ಮನೆಯಲ್ಲಿ ಏನೇನಿದೆ ಅಂತ ಒಂದೊಂದೇ ಹುಡುಕ್ತಿದ್ದಾಳೆ, ಅಲ್ಲಿ ಕೂತು ಪ್ರಶ್ನೆ ಕೇಳೋ ನರ್ಸ್ ಇಲ್ಲದ್ದರಿಂದ ನಮಗೆ ಕೇಳಿದ ಪ್ರಶ್ನೆಗಳನ್ನೇ ನಾನು ಫೋನಲ್ಲಿ ಅವಳಿಗೆ ಕೇಳ್ತಿದ್ದೀನಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತಾರೆ, ರಕ್ತದಲ್ಲಿರೋ ಸೀಸ ಅರ್ಧ ಆಗೋಕೆ ಒಂದು ತಿಂಗಳ ಹತ್ತಿರ ಬೇಕು, ಮೂಲ ನಿಂತಿದ್ರೆ ನಂಬರ್ ಇಳಿಯುತ್ತೆ. ನಮ್ಮ ಮಗಳ ಎರಡು ವರ್ಷದ ಟೆಸ್ಟ್ ಮುಂದಿನ ತಿಂಗಳು, ಈ ಸಲ ಬೆರಳು ಚುಚ್ಚೋ ಮುಂಚೆ ಕೈ ಸೋಪಲ್ಲಿ ಚೆನ್ನಾಗಿ ತೊಳೆಸಿಕೊಂಡೇ ಕೂರಿಸ್ತೀವಿ.