ತಲೆಗೊಂದು ಅಕೌಂಟ್

ಮನೆಯವರೆಲ್ಲ ಒಂದೇ ಅಕೌಂಟ್ ಬಳಸುವ ಕಂಪ್ಯೂಟರನ್ನು ನೋಡಿದ ಕೂಡಲೇ ಗುರುತಿಸಬಹುದು. ಡೆಸ್ಕ್‌ಟಾಪಿಗೆ ಯಾವ ಚಿತ್ರ ಹಾಕಿದ್ದಾರೆ ಅಂತ ಹೇಳಲಿಕ್ಕಾಗುವುದಿಲ್ಲ, ಅಷ್ಟು ಐಕಾನ್‌ಗಳು. ‘ನ್ಯೂ ಫೋಲ್ಡರ್’, ಅದರ ಪಕ್ಕ ‘ನ್ಯೂ ಫೋಲ್ಡರ್ (2)’, ಕೆಳಗೆ ‘ಅಮ್ಮಂದು ಮುಟ್ಟಬೇಡಿ’, ಅದರೊಳಗೆ ಮಗನ ಆಟ. ‘ಫೈನಲ್’ ಅಂತ ಒಂದು, ‘ಫೈನಲ್ ಇದೇ’ ಅಂತ ಇನ್ನೊಂದು. ಯಾರು ಇಟ್ಟದ್ದು ಅಂತ ಕೇಳಿದರೆ ಎಲ್ಲರೂ ‘ನಾನಲ್ಲ’. ಬ್ರೌಸರಿನದ್ದು ಇನ್ನೊಂದು ಮಜಾ. ಅಪ್ಪ ಮಂಡಿನೋವಿಗೆ ಏನೋ ಹುಡುಕಿದ್ದಕ್ಕೆ ಮಗಳಿಗೆ ವಾರಗಟ್ಟಲೆ ಮಂಡಿಪಟ್ಟಿಯ ಜಾಹೀರಾತು.

ಸರಿ, ತಲೆಗೊಂದು ಅಕೌಂಟ್ ಮಾಡಿಬಿಡೋಣ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನನ್ನ ಫೈಲ್‌ಗಳು ಹೋಗಿಬಿಟ್ಟರೆ?’

ಭಯ ಸುಮ್ಮನೆ ಹುಟ್ಟಿದ್ದಲ್ಲ. ಹೊಸ ಅಕೌಂಟಿಗೆ ಮೊದಲ ಸಲ ಲಾಗಿನ್ ಆದಾಗ ಕಂಪ್ಯೂಟರ್ ‘ಹಾಯ್’ ಅನ್ನುತ್ತದೆ, ಸ್ವಲ್ಪ ಕಾಯಿಸುತ್ತದೆ, ಆಮೇಲೆ ರೀಸೈಕಲ್ ಬಿನ್ ಬಿಟ್ಟರೆ ಹೆಚ್ಚೇನೂ ಇಲ್ಲದ ಡೆಸ್ಕ್‌ಟಾಪ್ ತೋರಿಸುತ್ತದೆ.

‘ಅಯ್ಯೋ, ಮದುವೆ ಫೋಟೋ ಎಲ್ಲಾ ಹೋಯ್ತಲ್ರೀ!’

‘ಹೋಗಿಲ್ಲ ಕಣೇ, ನಿನಗೆ ಕಾಣ್ತಿಲ್ಲ ಅಷ್ಟೇ.’

‘ಎರಡಕ್ಕೂ ಏನು ವ್ಯತ್ಯಾಸ?’

ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಏನೆಂದರೆ, ಡೆಸ್ಕ್‌ಟಾಪ್ ಅನ್ನುವುದು ಕಂಪ್ಯೂಟರಿಗೆಲ್ಲ ಸೇರಿ ಒಂದೇ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಒಂದಲ್ಲ. ವಿಂಡೋಸಿನಲ್ಲಿ ಸಿ ಡ್ರೈವ್ ತೆರೆದರೆ ‘ಯೂಸರ್ಸ್’ ಅಂತ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಫೋಲ್ಡರ್. ಪ್ರತಿಯೊಂದರಲ್ಲೂ ಬೇರೆ ಡೆಸ್ಕ್‌ಟಾಪ್, ಬೇರೆ ಡಾಕ್ಯುಮೆಂಟ್ಸ್, ಬೇರೆ ಡೌನ್‌ಲೋಡ್ಸ್. ಹೊಸ ಅಕೌಂಟ್ ಮಾಡಿದರೆ ಇನ್ನೊಂದು ಫೋಲ್ಡರ್ ಸೇರಿಕೊಳ್ಳುತ್ತದೆ, ಅದೂ ಮಾಡಿದ ಕೂಡಲೇ ಅಲ್ಲ, ಆ ಅಕೌಂಟಿನವರು ಮೊದಲ ಸಲ ಲಾಗಿನ್ ಆದಾಗ. ಹಳೆಯದನ್ನು ಯಾರೂ ಮುಟ್ಟಿರುವುದಿಲ್ಲ. ಮದುವೆ ಫೋಟೋ ಹಳೆಯ ಅಕೌಂಟಿನ ಡೆಸ್ಕ್‌ಟಾಪಿನಲ್ಲಿ ಇದ್ದಲ್ಲೇ ಇದೆ.

ಈ ಫೋಲ್ಡರ್‌ಗಳ ಹೆಸರೂ ಒಂದು ತಮಾಷೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ವಿಂಡೋಸ್ ನಿಮ್ಮ ಇಮೇಲಿನ ಮೊದಲ ಐದು ಅಕ್ಷರ ಹಿಡಿದು ಫೋಲ್ಡರಿಗೆ ಹೆಸರಿಡುತ್ತದೆ. ಅದು ಯಾರಿಗೂ ಹಿಡಿಸುವುದಿಲ್ಲ. ಆಮೇಲೆ ಅಕೌಂಟಿನ ಹೆಸರು ಎಷ್ಟು ಚೆನ್ನಾಗಿ ಬದಲಿಸಿದರೂ ಫೋಲ್ಡರ್ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಬಾಗಿಲ ಮುಂದಿನ ಬೋರ್ಡು ಬದಲಾಯಿತೇ ಹೊರತು ಮನೆಯ ದಾಖಲೆಪತ್ರ ಅದೇ. ಅಸಲಿಗೆ ವಿಂಡೋಸ್ ಹೆಸರನ್ನು ನಂಬುವುದೇ ಇಲ್ಲ. ಒಳಗೊಳಗೆ ಪ್ರತಿ ಅಕೌಂಟಿಗೂ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಅಕೌಂಟ್ ಅಳಿಸಿ, ಅದೇ ಹೆಸರಿನಲ್ಲಿ ಅದೇ ಪಾಸ್‌ವರ್ಡ್ ಕೊಟ್ಟು ಇನ್ನೊಂದು ಮಾಡಿದರೂ ಸಂಖ್ಯೆ ಹೊಸದು. ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಹೊಸಬರು.

ಅಕೌಂಟ್ ಮಾಡುವಾಗ ಫೈಲ್ ಹೋಗುವುದಿಲ್ಲ, ತೆಗೆಯುವಾಗ ಹೋಗುತ್ತವೆ. ಆದರೆ ಜನ ಹೆದರುವುದು ಮಾಡುವಾಗ, ತೆಗೆಯುವಾಗ ಮಹಾ ಧೈರ್ಯ. ಯಾವುದೋ ಭಾನುವಾರ ಮನೆಯಲ್ಲೊಬ್ಬರಿಗೆ ಕ್ಲೀನ್ ಮಾಡುವ ಹುಮ್ಮಸ್ಸು ಬರುತ್ತದೆ. ‘ಈ ಅಕೌಂಟ್ ಯಾರೂ ಬಳಸ್ತಿಲ್ಲ ಅಲ್ವಾ?’ ಅಂತ ತಮಗೆ ತಾವೇ ಕೇಳಿಕೊಂಡು, ತಾವೇ ಹೌದು ಅಂತ ಉತ್ತರ ಕೊಟ್ಟುಕೊಂಡು, ಸೆಟ್ಟಿಂಗ್ಸಿನಲ್ಲಿ ‘ರಿಮೂವ್’ ಒತ್ತುತ್ತಾರೆ. ಅಕೌಂಟ್ ಮತ್ತು ಡೇಟಾ ಎರಡೂ ಅಳಿಸುತ್ತೇನೆ ಅಂತ ಅದು ಸ್ಪಷ್ಟವಾಗಿಯೇ ಹೇಳುತ್ತದೆ, ಓದುವ ವ್ಯವಧಾನ ಇರಬೇಕಷ್ಟೇ. ಅಲ್ಲಿಂದ ಹೋದದ್ದು ರೀಸೈಕಲ್ ಬಿನ್ನಿಗೂ ಬರುವುದಿಲ್ಲ. ಹಳೆಯ ಕಂಟ್ರೋಲ್ ಪ್ಯಾನೆಲ್ ಸ್ವಲ್ಪ ದಯಾಳು. ‘ಫೈಲ್‌ಗಳನ್ನು ಇಟ್ಟುಕೊಳ್ಳಲಾ?’ ಅಂತ ಕೇಳುತ್ತದೆ. ಹೂಂ ಅಂದರೆ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ ನಿಮ್ಮ ಡೆಸ್ಕ್‌ಟಾಪಿನಲ್ಲಿ ಇಡುತ್ತದೆ. ಆದರೆ ಇಮೇಲ್ ಉಳಿಯುವುದಿಲ್ಲ. ವಿಂಡೋಸಿನ ಬದಲು ಕೆಲವರು ಬಳಸುವ ಲಿನಕ್ಸಿನಲ್ಲಿ ‘ಯೂಸರ್‌ಡೆಲ್’ ಅಂತ ಆಜ್ಞೆ ಬರೆದರೆ ಅಕೌಂಟ್ ಹೋಗುತ್ತದೆ, ಫೈಲ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಮುಂದೆ ಒಂದು ‘-ಆರ್’ ಸೇರಿಸಿದರೆ ಎರಡೂ ಹೋಗುತ್ತವೆ. ಒಂದಕ್ಷರದ ಮೇಲೆ ಇಷ್ಟು ಭಾರ ಹೊರಿಸಿದವರಿಗೆ ನಮಸ್ಕಾರ.

ಇನ್ನೊಂದು ಗೊಂದಲ, ಅವರವರ ಫೈಲನ್ನು ಅವರವರ ಅಕೌಂಟಿಗೆ ಸಾಗಿಸುವುದು. ಇಲ್ಲಿ ಕಟ್ ಮಾಡಬೇಡಿ, ಕಾಪಿ ಮಾಡಿ. ನಡುವೆ ಕರೆಂಟ್ ಹೋದರೆ ಅನ್ನುವುದು ಒಂದು ಕಾರಣ. ಇನ್ನೊಂದು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಹಾಕಿದ ಫೈಲ್ ತನ್ನ ಹಳೆಯ ಅನುಮತಿಗಳನ್ನು ಜೊತೆಗೇ ಹೊತ್ತು ಬರಬಹುದು. ಕಣ್ಣೆದುರಿಗೇ ಇರುತ್ತದೆ, ತೆರೆಯಲು ಹೋದರೆ ‘ನಿಮಗೆ ಅನುಮತಿ ಇಲ್ಲ’ ಅನ್ನುತ್ತದೆ. ಕಾಪಿ ಮಾಡಿದ್ದು ಹೋದ ಕಡೆಯ ನಿಯಮಕ್ಕೆ ಹೊಂದಿಕೊಳ್ಳುತ್ತದೆ. ‘ಯೂಸರ್ಸ್’ ಒಳಗೇ ‘ಪಬ್ಲಿಕ್’ ಅಂತ ಎಲ್ಲರಿಗೂ ಸೇರಿದ ಒಂದು ಫೋಲ್ಡರ್ ಇದೆ. ಹಳೆಯ ಅಕೌಂಟಿನಿಂದ ಅಲ್ಲಿಗೆ ಕಾಪಿ, ಅಲ್ಲಿಂದ ಹೊಸದಕ್ಕೆ ಕಾಪಿ. ಹೊರಗಿನ ಹಾರ್ಡ್‌ಡಿಸ್ಕಿಗೂ ಒಂದು ಪ್ರತಿ ಹಾಕಿಟ್ಟು, ಎಲ್ಲರೂ ತಂತಮ್ಮ ಫೈಲ್ ತೆರೆದು ನೋಡಿದ ಮೇಲೆ ಹಳೆಯದರ ಮಾತು.

ಒಂದು ಅಕೌಂಟನ್ನು ಇಬ್ಬರು ಬಳಸಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಕಥೆಯೊಂದಿದೆ. ಒಂದು ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಅನ್ನುವ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಮೊದಲು ತೋರಿಸಿತು. ಒಬ್ಬರ ಫೈಲ್ ಇನ್ನೊಬ್ಬರಿಗೆ ಸಿಗದಿರಲಿ ಅಂತ ಪಾಸ್‌ವರ್ಡ್ ಬಂದದ್ದೂ ಅಲ್ಲೇ. ಆದರೆ ವ್ಯವಸ್ಥೆ ನೋಡಿಕೊಳ್ಳುವವರು ಮಾತ್ರ ಅನುಕೂಲಕ್ಕೆ ಅಂತ ಒಂದೇ ಜಾಗವನ್ನು ಹಂಚಿಕೊಂಡಿದ್ದರು. ಒಂದು ದಿನ ಒಬ್ಬರು ಪಾಸ್‌ವರ್ಡ್ ಪಟ್ಟಿ ತಿದ್ದುತ್ತಿದ್ದರು, ಅದೇ ಹೊತ್ತಿಗೆ ಇನ್ನೊಬ್ಬರು ಆ ದಿನದ ಸೂಚನೆ ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ, ಅಂದರೆ ಎಡಿಟರ್, ಬಳಸುವ ತಾತ್ಕಾಲಿಕ ಫೈಲಿನ ಹೆಸರು ಇಬ್ಬರಿಗೂ ಒಂದೇ. ಎರಡೂ ಅದಲುಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡೂ ಕಂಡಿತು. ಅಕೌಂಟ್ ಕಂಡುಹಿಡಿದವರ ಮನೆಯ ಕಥೆಯೇ ಹೀಗೆ! ಮುಂದೆ ವಿಂಡೋಸ್ 95 ಬಂದಾಗ ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯಲ್ಲಿ ‘ಕ್ಯಾನ್ಸಲ್’ ಒತ್ತಿದರೂ ಒಳಗೆ ಬಿಡುತ್ತಿತ್ತು.

ಕೊನೆಗೆ ಅಡ್ಮಿನಿಸ್ಟ್ರೇಟರ್ ಯಾರು ಅನ್ನುವ ಜಗಳ. ಒಬ್ಬರು ಅಡ್ಮಿನಿಸ್ಟ್ರೇಟರ್, ಉಳಿದವರು ಸ್ಟ್ಯಾಂಡರ್ಡ್ ಆದರೆ ಸಾಕು. ಸ್ಟ್ಯಾಂಡರ್ಡ್ ಅಂದರೆ ಕಡಿಮೆ ದರ್ಜೆ ಅಂತ ಹಿರಿಯರಿಗೆ ಬೇಸರ. ನಿಜಕ್ಕೂ ಅದೇ ಕ್ಷೇಮ. ಅಡ್ಮಿನಿಸ್ಟ್ರೇಟರ್ ಆದವರು ‘ಕಂಟಿನ್ಯೂ’ ಒತ್ತಿ ಯಾರ ಫೋಲ್ಡರಿಗೆ ಬೇಕಾದರೂ ಇಣುಕಬಹುದು, ಯಾರನ್ನು ಬೇಕಾದರೂ ಅಳಿಸಬಹುದು. ಭಾನುವಾರದ ಹುಮ್ಮಸ್ಸಿನವರಿಗೆ ಈ ಪಟ್ಟ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

‘ಸ್ವಲ್ಪ ಕಂಪ್ಯೂಟರ್ ಕೊಡ್ತೀರಾ?’ ಅಂತ ಕೇಳುವ ನೆಂಟರಿಗೂ ಒಂದು ಸ್ಟ್ಯಾಂಡರ್ಡ್ ಅಕೌಂಟ್ ಇರಲಿ. ಅದಕ್ಕೆ ‘ಗೆಸ್ಟ್’ ಅಂತ ಇಂಗ್ಲಿಷಿನಲ್ಲಿ ಹೆಸರಿಡಲು ಹೋದರೆ ವಿಂಡೋಸ್ 10 ಒಪ್ಪುವುದಿಲ್ಲ. ಆ ಹೆಸರಿನ ಅಕೌಂಟೊಂದು ಆಗಲೇ ಒಳಗೆ ಕೂತಿದೆ, ಅದಕ್ಕೆ ಲಾಗಿನ್ ಆಗುವ ಭಾಗ್ಯ ಇಲ್ಲ ಅಷ್ಟೇ. ‘ನೆಂಟರು’ ಅಂತಿಟ್ಟರೆ ತಕರಾರಿಲ್ಲ.