ಚಳಿಗೆ ಸರ್ಕಾರಿ ಮುಹೂರ್ತ

ಚಳಿ ಆಗುವುದು ಮೈಗೆ ಎಂದು ನಂಬಿಕೊಂಡಿರುವವರು ಒಮ್ಮೆ ಇಟಲಿಯ ಕಾನೂನು ಓದಬೇಕು. 1993ರ ಒಂದು ಆದೇಶ ಇಡೀ ದೇಶವನ್ನು ಎ ಇಂದ ಎಫ್‌ವರೆಗೆ ಆರು ವಲಯಗಳಾಗಿ ಹಂಚಿ, ಯಾವ ಊರಿನವರು ಯಾವ ತಾರೀಕಿನಿಂದ ಮನೆ ಬೆಚ್ಚಗೆ ಮಾಡಿಕೊಳ್ಳಬಹುದು, ದಿನಕ್ಕೆ ಎಷ್ಟು ಗಂಟೆ ಎಂದು ಗೊತ್ತುಪಡಿಸಿದೆ. ಮಿಲಾನ್ ಇರುವುದು ‘ಇ’ ವಲಯದಲ್ಲಿ. ಅಲ್ಲಿ ಅಕ್ಟೋಬರ್ 15ರಿಂದ, ದಿನಕ್ಕೆ 14 ಗಂಟೆ. ರೋಮ್ ‘ಡಿ’. ಅಲ್ಲಿಯವರು ನವೆಂಬರ್ 1ರವರೆಗೆ ಹಲ್ಲು ಕಚ್ಚಿಕೊಂಡಿರಬೇಕು, ಆಮೇಲೂ 12 ಗಂಟೆ ಮಾತ್ರ. ದಕ್ಷಿಣ ತುದಿಯ ಲ್ಯಾಂಪೆದೂಸಾ ದ್ವೀಪದಂಥ ‘ಎ’ ವಲಯದವರಿಗೆ ಡಿಸೆಂಬರ್ 1ಕ್ಕೆ ಚಳಿ ಶುರು, ಮಾರ್ಚ್ 15ಕ್ಕೆ ಮುಕ್ತಾಯ. ಆಲ್ಪ್ಸ್ ಸೆರಗಿನ ‘ಎಫ್’ ವಲಯಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಅಷ್ಟು ಎತ್ತರಕ್ಕೆ ಹತ್ತುವ ಹೊತ್ತಿಗೆ ಕಾನೂನಿಗೇ ನಡುಕ ಬಂದಿರಬೇಕು.

ಮುಹೂರ್ತಕ್ಕೆ ಮೊದಲೇ ಶೀತಗಾಳಿ ಬೀಸಿದರೆ? ಗಾಬರಿ ಬೇಡ, ಮೇಯರ್ ಆದೇಶ ಹೊರಡಿಸಿ ಅವಧಿಯನ್ನು ಹಿಗ್ಗಿಸಬಹುದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಸ್ ದರ ಮುಗಿಲಿಗೇರಿದಾಗ ರೋಮ್‌ನ ಮಂತ್ರಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಚ್ಚಗಿರುವ ಕಾಲವನ್ನು 15 ದಿನ ಮೊಟಕುಗೊಳಿಸಿತು. ದಿನದಲ್ಲಿ ಒಂದು ಗಂಟೆ, ಉಷ್ಣಾಂಶದಲ್ಲಿ ಒಂದು ಡಿಗ್ರಿ ಕಡಿತ. ಈ ಸುತ್ತೋಲೆಯ ಪ್ರತಿಯನ್ನು ಮೋಡಗಳಿಗೂ ರವಾನಿಸಿದ್ದರೋ ಇಲ್ಲವೋ.

ರಷ್ಯಾದವರು ತಾರೀಕಿನ ಬದಲು ಸರಾಸರಿಯನ್ನು ನೆಚ್ಚಿಕೊಂಡಿದ್ದಾರೆ. ದಿನದ ಸರಾಸರಿ ಉಷ್ಣಾಂಶ ಸತತ 5 ದಿನ 8 ಡಿಗ್ರಿಗಿಂತ ಕೆಳಗಿದ್ದರೆ ಮನೆಗಳನ್ನು ಕಾಯಿಸುವ ಊರಿನ ಕೊಳವೆಗಳಿಗೆ ಬಿಸಿನೀರು ಬಿಡುತ್ತಾರೆ. ನಾಲ್ಕನೆಯ ದಿನ ಬಿಸಿಲು ಬಿದ್ದು ಸರಾಸರಿ 9ಕ್ಕೆ ಏರಿತೋ, ಲೆಕ್ಕ ಮತ್ತೆ ಒಂದರಿಂದ. ಕೊನೆಗೂ ಬಿಸಿ ಬಂದಾಗ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಅದನ್ನು ತಗ್ಗಿಸುವ ತಿರುಪೇ ಇಲ್ಲದ್ದರಿಂದ ಜನ ಕಿಟಕಿ ತೆರೆದು ಬೀದಿಯನ್ನು ಕಾಯಿಸುತ್ತಾರೆ. ಚೀನಾದವರಿಗೆ ಇಷ್ಟು ಲೆಕ್ಕಾಚಾರದ ವ್ಯವಧಾನವೂ ಇರಲಿಲ್ಲ. 1950ರ ದಶಕದಲ್ಲಿ ಚಿನ್‌ಲಿಂಗ್ ಪರ್ವತ ಮತ್ತು ಹ್ವೈ ನದಿಯ ಗುಂಟ ಒಂದು ಗೆರೆ ಎಳೆದು, ಉತ್ತರದವರಿಗೆ ಸರ್ಕಾರಿ ಬಿಸಿ ಎಂದರು. ಗೆರೆಯ ದಕ್ಷಿಣಕ್ಕಿರುವ ಶಾಂಘೈಯವರು ಜನವರಿಯಲ್ಲಿ ಮನೆಯೊಳಗೂ ದಪ್ಪ ಕೋಟು ಹಾಕಿಕೊಂಡು ಕೂರುತ್ತಾರಲ್ಲ, ಅದು ಬಹುಶಃ ಶೋಕಿಗೆ. ನ್ಯೂಯಾರ್ಕ್ ನಗರದ ಮನೆ ಮಾಲೀಕನಿಗೆ ಇನ್ನೂ ನಿಖರವಾದ ಅಪ್ಪಣೆಯಿದೆ: ಅಕ್ಟೋಬರ್‌ನಿಂದ ಮೇ ತಿಂಗಳ ಕೊನೆಯವರೆಗೆ ಹಗಲಿನಲ್ಲಿ ಹೊರಗೆ 55 ಫ್ಯಾರನ್‌ಹೀಟ್‌ಗಿಂತ (ಸುಮಾರು 13 ಸೆಲ್ಸಿಯಸ್) ಕೆಳಗಿಳಿದರೆ ಒಳಗೆ ಕನಿಷ್ಠ 68 (20 ಸೆಲ್ಸಿಯಸ್) ಇರಲೇಬೇಕು. ಹೊರಗೆ 56 ಇದ್ದ ಹಗಲು ಬಾಡಿಗೆದಾರ ನಡುಗಿದರೆ ಅದು ಅವನ ಖಾಸಗಿ ವಿಚಾರ.

ಇದನ್ನೆಲ್ಲ ನೋಡಿದರೆ ಬ್ರಿಟನ್ ಸ್ವಾತಂತ್ರ್ಯದ ತವರು. ಅಲ್ಲಿ ಗುಂಡಿಯೂ ನಿಮ್ಮದು, ಬೆರಳೂ ನಿಮ್ಮದು, ಯಾವ ದಿನ ಒತ್ತಬೇಕೆಂಬ ತೀರ್ಮಾನವೂ ನಿಮ್ಮದು. ಇಷ್ಟೊಂದು ಸ್ವಾತಂತ್ರ್ಯ ಕೊಟ್ಟರೆ ಮನುಷ್ಯ ಏನು ಮಾಡುತ್ತಾನೆ? ತಾನೇ ಒಂದು ವ್ರತ ಹಿಡಿಯುತ್ತಾನೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವವರೆಗೆ ಹೀಟಿಂಗ್ ಹಾಕುವುದಿಲ್ಲ ಎಂದು ಪಣ ತೊಟ್ಟವರು ಅಲ್ಲಿ ಮನೆಗೊಬ್ಬರು. ಗಡಿಯಾರಕ್ಕೂ ಚಳಿಗೂ ಏನು ಸಂಬಂಧ ಎಂದು ಕೇಳಬಾರದು. ಅಕ್ಕಪಕ್ಕದವರು ಸಿಕ್ಕರೆ ಕ್ಷೇಮಸಮಾಚಾರಕ್ಕಿಂತ ಮೊದಲು “ನಿಮ್ಮಲ್ಲಿ ಶುರು ಮಾಡಿದಿರಾ?” ಎಂಬ ಪ್ರಶ್ನೆ. ಮಾಡಿದ್ದೇವೆ ಎನ್ನುವವರು ಧ್ವನಿ ತಗ್ಗಿಸುತ್ತಾರೆ, ಇಲ್ಲ ಎನ್ನುವವರು ಮೂಗು ಕೆಂಪಗಿದ್ದರೂ ಎದೆ ಉಬ್ಬಿಸುತ್ತಾರೆ.

ಮನೆಯೊಳಗಿನ ಸಮರ ನಡೆಯುವುದು ನಡುಮನೆಯ ಗೋಡೆಯ ಮೇಲಿನ ಥರ್ಮೋಸ್ಟಾಟ್, ಅಂದರೆ ಮನೆ ಎಷ್ಟು ಡಿಗ್ರಿ ಬೆಚ್ಚಗಿರಬೇಕೆಂದು ಗೊತ್ತುಮಾಡುವ ತಿರುಪಿನ ಮುಂದೆ. ಯಜಮಾನ ಆ ಕಡೆ ಹಾಯುವಾಗಲೆಲ್ಲ ಅದನ್ನು 18ಕ್ಕೆ ಇಳಿಸುತ್ತಾನೆ. ಹೆಂಡತಿ ನೀರು ಕುಡಿಯುವ ನೆಪದಲ್ಲಿ ಬಂದು 21ಕ್ಕೆ ಏರಿಸುತ್ತಾಳೆ. ಮಗ ಬೇಗ ಕಾಯಲಿ ಎಂದು 30ಕ್ಕೆ ತಿರುಗಿಸುತ್ತಾನೆ. ಥರ್ಮೋಸ್ಟಾಟ್‌ಗೆ ಅವಸರ ಅರ್ಥವಾಗುವುದಿಲ್ಲ. 21ಕ್ಕಿಟ್ಟರೂ 30ಕ್ಕಿಟ್ಟರೂ ಮನೆ ಬಿಸಿಯಾಗುವ ವೇಗ ಅದೇ, ಎಲ್ಲಿಗೆ ನಿಲ್ಲಬೇಕು ಎಂಬುದಷ್ಟೇ ಬೇರೆ. ಯಜಮಾನನ ಬಳಿ ಮಾತ್ರ ಅಂತರರಾಷ್ಟ್ರೀಯ ಆಧಾರವಿದೆ: ವಿಶ್ವ ಆರೋಗ್ಯ ಸಂಸ್ಥೆ 18 ಡಿಗ್ರಿ ಎಂದಿದೆ. ಸಂಸ್ಥೆ ಹೇಳಿದ್ದು ಕನಿಷ್ಠ 18 ಇರಲಿ ಎಂದು, ಇವನು ಓದಿಕೊಂಡಿದ್ದು ಗರಿಷ್ಠ ಎಂದು.

ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಗ್ಯಾಸ್ ಮತ್ತು ವಿದ್ಯುತ್ತಿನ ದರಕ್ಕೆ ಅಲ್ಲಿ ‘ಆಫ್‌ಜೆಮ್’ ಎಂಬ ನಿಯಂತ್ರಕ ಸಂಸ್ಥೆ ಮೂರು ತಿಂಗಳಿಗೊಮ್ಮೆ ಮಿತಿ ಗೊತ್ತುಮಾಡುತ್ತದೆ, ಮತ್ತು ಅದರ ಒಂದು ಸರದಿ ಬೀಳುವುದು ಸರಿಯಾಗಿ ಅಕ್ಟೋಬರ್ 1ಕ್ಕೆ, ಮೊದಲ ಸೀನು ಬರುವ ಹೊತ್ತಿಗೆ. 2022ರ ಅಕ್ಟೋಬರ್‌ಗೆ ಅದು ಪ್ರಕಟಿಸಿದ ಮಿತಿ ಸಾಧಾರಣ ಮನೆಗೆ ವರ್ಷಕ್ಕೆ 3,549 ಪೌಂಡ್. ಜನ ಹೌಹಾರಿದರು. ಸರ್ಕಾರ ಖಜಾನೆಯಿಂದ ಹಣ ತುಂಬಿ ಅದನ್ನು 2,500ಕ್ಕೆ ಇಳಿಸಿತು. ಯಾರ ಬಿಲ್ಲೂ 2,500 ಪೌಂಡ್ ದಾಟುವುದಿಲ್ಲ ಎಂದು ಪ್ರಧಾನಿ ಲಿಜ್ ಟ್ರಸ್ ರೇಡಿಯೋದಲ್ಲಿ ಅಭಯ ಕೊಟ್ಟರು. ಮಿತಿ ಇರುವುದು ಯೂನಿಟ್ಟಿನ ದರಕ್ಕೇ ಹೊರತು ಬಿಲ್ಲಿಗಲ್ಲ, ಹೆಚ್ಚು ಉರಿಸಿದವರು ಹೆಚ್ಚು ಕಟ್ಟಲೇಬೇಕು ಎಂಬುದು ಪ್ರಧಾನಿಯವರಿಗೇ ತಿಳಿದಂತಿರಲಿಲ್ಲ. ತಮ್ಮದೇ ಯೋಜನೆ ತಮಗೆ ಅರ್ಥವಾಗದವರ ನಾಡಿನಲ್ಲಿ ಪ್ರಜೆ ಮಾತ್ರ ಬಿಲ್ಲಿನ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಪಂಡಿತನಾಗಬೇಕು. ಇದರ ಮೇಲೆ ನಿತ್ಯದ ಸ್ಥಿರ ಶುಲ್ಕ ಬೇರೆ. ಇಡೀ ದಿನ ಕಂಬಳಿಯೊಳಗೆ ಮುದುಡಿಕೊಂಡು ಒಂದು ಯೂನಿಟ್ಟೂ ಬಳಸದಿದ್ದರೂ ಅದನ್ನು ತೆರಲೇಬೇಕು. ಉಂಡರೆ ಊಟದ ದುಡ್ಡು, ಉಪವಾಸವಿದ್ದರೆ ಎಲೆಯ ದುಡ್ಡು.

ದರ ಇಳಿಸಲಾಗದ ಕಡೆ ಉಪದೇಶ ಇಳಿದು ಬರುತ್ತದೆ, ಅದೂ ಉಚಿತವಾಗಿ. 2022ರ ಜನವರಿಯಲ್ಲಿ ಬ್ರಿಟನ್ನಿನ ಒಂದು ದೊಡ್ಡ ಇಂಧನ ಕಂಪನಿ ತನ್ನ ಗ್ರಾಹಕರಿಗೆ ಚಳಿ ಓಡಿಸುವ ಉಪಾಯಗಳನ್ನು ಬೋಧಿಸಿತು: ಸಾಕುಪ್ರಾಣಿಯನ್ನು ಅಪ್ಪಿಕೊಳ್ಳಿ, ಬಿಸಿ ಓಟ್ಸ್ ಗಂಜಿ ಕುಡಿಯಿರಿ, ಮಕ್ಕಳಿಗೆ ಹೂಲಾಹೂಪ್ ಪಂದ್ಯ ಏರ್ಪಡಿಸಿ. ಜನ ಮೈಮೇಲೆ ಬಿದ್ದ ಮೇಲೆ ಕ್ಷಮೆ ಕೇಳಿತು. ಬೆಕ್ಕಿಲ್ಲದ ಬಡವರು ಏನು ಮಾಡಬೇಕು, ಬೆಕ್ಕಿಗೆ ಇಷ್ಟವಿಲ್ಲದಿದ್ದರೆ ಏನು ಗತಿ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕುರ್ಚಿ ಬಿಡಲು ಕೆಲವೇ ದಿನಗಳಿದ್ದಾಗ, ಪ್ರಧಾನಿ ಬೋರಿಸ್ ಜಾನ್ಸನ್ 20 ಪೌಂಡ್ ಕೊಟ್ಟು ಹೊಸ ಕೆಟಲ್ ಕೊಂಡರೆ ವರ್ಷಕ್ಕೆ 10 ಪೌಂಡ್ ಉಳಿಯುತ್ತದೆ ಎಂದು ಲೆಕ್ಕ ತೋರಿಸಿದರು. ಬಿಲ್ಲು ಸಾವಿರಗಳಲ್ಲಿ ಏರುತ್ತಿದ್ದಾಗ ಈ ಹತ್ತು ಪೌಂಡ್ ಕಾಣುವುದಕ್ಕೂ ದೂರದೃಷ್ಟಿ ಬೇಕು. ಫ್ರಾನ್ಸಿನ ಅರ್ಥಮಂತ್ರಿ ಬ್ರೂನೋ ಲ ಮೇರ್ ಟೈ ಬಿಚ್ಚಿ ಕುತ್ತಿಗೆ ಮುಚ್ಚುವ ಸ್ವೆಟರ್ ತೊಟ್ಟು ದೇಶಕ್ಕೆ ಮಾದರಿಯಾದರು. ಅರಮನೆಯಂಥ ಕಚೇರಿಯಲ್ಲಿ ಸ್ವೆಟರ್ ತೊಡುವುದೇ ಒಂದು ತ್ಯಾಗ.

ಈ ಗದ್ದಲದಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಒಂದು ಮಾತು ಮೂಲೆ ಸೇರಿತು. ಮನೆ ಕಾಯಿಸಲು ಗ್ಯಾಸಿನಿಂದ ನೀರು ಬಿಸಿಮಾಡುವ ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿ ಹೋಗುವ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುತ್ತವೆ. ರೇಡಿಯೇಟರ್‌ನಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಅದು ಸಾಧ್ಯ. ಎಷ್ಟೋ ಮನೆಗಳಲ್ಲಿ ಅಳವಡಿಸಿದವರು ಹರಿವಿನ ಉಷ್ಣಾಂಶವನ್ನು, ಅಂದರೆ ಬಾಯ್ಲರಿನಿಂದ ಹೊರಡುವ ನೀರಿನ ಬಿಸಿಯನ್ನು, 80ಕ್ಕಿಟ್ಟು ಹೋಗಿರುತ್ತಾರೆ. 60ಕ್ಕೆ ಇಳಿಸಿದರೆ ಕೋಣೆಯ ಬೆಚ್ಚಗೆ ಕೆಡದೆ ಗ್ಯಾಸ್ ಉಳಿಯುತ್ತದೆ. ಆದರೆ ಇದನ್ನು ಹೇಳುತ್ತ ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ.

ಇನ್ನು ಪರಿಹಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆಲವು ಭತ್ಯೆಗಳನ್ನು ಪಡೆಯುವವರಿಗೆ ಚಳಿ ಹಣ ಎಂದು 25 ಪೌಂಡ್ ಸಿಗುತ್ತದೆ. ಅದಕ್ಕೆ ಅವರ ಪ್ರದೇಶದ ಸರಾಸರಿ ಉಷ್ಣಾಂಶ ಸತತ 7 ದಿನ ಶೂನ್ಯಕ್ಕೋ ಅದಕ್ಕಿಂತ ಕೆಳಗೋ ಇಳಿದಿರಬೇಕು, ಇಲ್ಲವೆ ಇಳಿಯುವ ಮುನ್ಸೂಚನೆ ಇರಬೇಕು, ಅದೂ ನವೆಂಬರ್ 1ರಿಂದ ಮಾರ್ಚ್ 31ರ ಒಳಗೆ. ಆರು ದಿನ ಕೊರೆದ ಚಳಿ ಲೆಕ್ಕಕ್ಕಿಲ್ಲ. ಅಜ್ಜಿಯರು ಏಳನೆಯ ದಿನವೂ ಸೂರ್ಯ ಮೂಡದಿರಲಿ ಎಂದು ಹರಕೆ ಹೊರುವ ಸ್ಥಿತಿ ತಂದಿಟ್ಟ ಯೋಜನೆ ಬೇರೆಲ್ಲೂ ಇರಲಾರದು. ವೃದ್ಧರಿಗೆಂದೇ 1997ರಿಂದ ಇರುವ ಚಳಿಗಾಲದ ಇಂಧನ ಭತ್ಯೆ ಇನ್ನೊಂದು. 2024ರ ಜುಲೈನಲ್ಲಿ ಅರ್ಥಮಂತ್ರಿ ರೇಚಲ್ ರೀವ್ಸ್ ಒಂದೇ ಘೋಷಣೆಯಲ್ಲಿ ಸುಮಾರು ಒಂದು ಕೋಟಿ ವೃದ್ಧರ ಚಳಿಯನ್ನು ರದ್ದುಪಡಿಸಿದರು. 2025ರ ಜೂನ್‌ನಲ್ಲಿ, ಮತದಾರರ ಉರಿ ತಟ್ಟಿದ ಮೇಲೆ, ಬಹುಪಾಲು ಜನರಿಗೆ ಅದನ್ನು ಮರಳಿ ಮಂಜೂರು ಮಾಡಿದರು. ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯ ಇರುವವರು ಭತ್ಯೆಯನ್ನು ಇಟ್ಟುಕೊಳ್ಳಬಹುದು, ಅದನ್ನು ಮೀರಿದವರಿಂದ ತೆರಿಗೆಯ ಮೂಲಕ ಪೂರ್ತಿ ವಸೂಲಿ. ಆದ್ದರಿಂದ ಈಗ ಅಧಿಕೃತ ಸ್ಥಿತಿ ಇದು: 35,000 ಪೌಂಡ್ ಇರುವ ಅಜ್ಜನಿಗೆ ಚಳಿ, 35,001 ಇರುವ ಪಕ್ಕದ ಮನೆಯ ಅಜ್ಜನಿಗೆ ಸೆಖೆ.