ರೆಫರಿಗೆ ಕೊಡುವ ಮರ್ಯಾದೆ ಮೈದಾನದ ಗೆರೆಗೇ ಮುಗಿಯಬೇಕೇ?

2023ರ ರಗ್ಬಿ ವಿಶ್ವಕಪ್ ಫೈನಲ್‌ನ ಮುಖ್ಯಾಂಶಗಳನ್ನು ನಿನ್ನೆ ರಾತ್ರಿ ಮತ್ತೆ ನೋಡಿದೆ. ಅದರ ಕೆಳಗಿದ್ದ ಪ್ರತಿಕ್ರಿಯೆಗಳನ್ನು ಓದಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ರೆಫರಿ ವೇಯ್ನ್ ಬಾರ್ನ್ಸ್ ಅವರನ್ನು ಕಳ್ಳ, ಮೋಸಗಾರ ಎಂದು ಬೈಯುವವರು ಇಂದಿಗೂ ಸುಮ್ಮನಾಗಿಲ್ಲ. ಫುಟ್‌ಬಾಲ್ ಆಟಗಾರರು ರೆಫರಿಯನ್ನು ಮುತ್ತಿಕೊಂಡು ಕೂಗಾಡುವುದನ್ನು ಕಂಡಾಗ, ‘ನಮ್ಮ ರಗ್ಬಿಯನ್ನು ನೋಡಿ ಕಲಿಯಿರಿ’ ಎಂದು ಬುದ್ಧಿ ಹೇಳುವವರೂ ಇದೇ ಅಭಿಮಾನಿಗಳ ಗುಂಪಿನಲ್ಲಿದ್ದಾರೆ.

ನಾನು ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡದ ಕಡೆಯವನೆಂದು ನಿಮಗೆಲ್ಲ ಗೊತ್ತು. ದಕ್ಷಿಣ ಆಫ್ರಿಕಾದ ಎದುರು 12-11ರ ಆ ಸೋಲು ನನಗೆ ಈಗಲೂ ನೋವು ಕೊಡುತ್ತದೆ. ಮೊದಲಾರ್ಧದಲ್ಲೇ ನಮ್ಮ ನಾಯಕ ಸ್ಯಾಮ್ ಕೇನ್ ಅವರ ಭುಜ ಎದುರಾಳಿ ಜೆಸ್ಸಿ ಕ್ರೀಲ್ ಅವರ ತಲೆಗೆ ಬಡಿದು ಹಳದಿ ಕಾರ್ಡು ಬಂತು; ಅಂದರೆ ಹತ್ತು ನಿಮಿಷ ಆಟದಿಂದ ಹೊರಗೆ. ಅವರು ಗೆರೆಯಾಚೆ ಕುರ್ಚಿಯಲ್ಲಿ ಕಾಯುತ್ತಿದ್ದಾಗ ವಿಡಿಯೊ ಪರಿಶೀಲನೆಯಲ್ಲಿ ಅದು ಕೆಂಪಾಯಿತು; ಮತ್ತೆ ಆಟಕ್ಕೆ ಮರಳುವಂತಿಲ್ಲ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡು ಪಡೆದವರಲ್ಲಿ ಅವರೇ ಮೊದಲಿಗರು. ದ್ವಿತೀಯಾರ್ಧದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿ ಅವರ ತಲೆ ಎದುರಾಳಿಯ ತಲೆಗೆ ತಾಗಿದ್ದು ಮಾತ್ರ ಹಳದಿಯಲ್ಲೇ ಉಳಿಯಿತು. ಈ ವ್ಯತ್ಯಾಸದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ವಾದ ಮಾಡಲು ನಾನು ಸಿದ್ಧ. ಆದರೆ ಬಾರ್ನ್ಸ್ ಕುಟುಂಬಕ್ಕೆ ಬೆದರಿಕೆ ಹಾಕಲು ಈ ವಾದದಲ್ಲಿ ಎಲ್ಲಿ ಜಾಗವಿದೆ?

ಮೈದಾನದೊಳಗೆ ರಗ್ಬಿ ಕಟ್ಟಿಕೊಂಡಿರುವ ಶಿಸ್ತು ನಿಜಕ್ಕೂ ದೊಡ್ಡದು. ಆಟಗಾರರು ತೀರ್ಪನ್ನು ಪ್ರಶ್ನಿಸಕೂಡದು ಎಂದು ನಿಯಮವೇ ಹೇಳುತ್ತದೆ; ಗೊಣಗಿದರೆ ಪೆನಾಲ್ಟಿಯ (ತಪ್ಪಿಗೆ ಎದುರಾಳಿಗೆ ಸಿಗುವ ಒದೆತದ) ಜಾಗವನ್ನು ರೆಫರಿ ಹತ್ತು ಮೀಟರ್ ಮುಂದಕ್ಕೆ ಒಯ್ಯಬಹುದು. ನೂರಿಪ್ಪತ್ತು ಕಿಲೋ ತೂಗುವ ಆಟಗಾರರು ಬೈಸಿಕೊಂಡು ತಲೆ ತಗ್ಗಿಸಿ ಹಿಂದೆ ಸರಿಯುವುದನ್ನು, ನಾಯಕನೊಬ್ಬನೇ ಬಂದು ‘ಸರ್’ ಎಂದು ಮಾತು ಶುರು ಮಾಡುವುದನ್ನು ರೆಫರಿಯ ಮೈಕಿನಿಂದ ನಾವು ಮನೆಯಲ್ಲೇ ಕುಳಿತು ಕೇಳುತ್ತೇವೆ. ನಾನು ಈ ಆಟಕ್ಕೆ ಮನಸೋತದ್ದೇ ಆ ಮಾತುಗಳನ್ನು ಕೇಳಿ.

ರೆಫರಿಗಳು ತಪ್ಪು ಮಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಾಡುತ್ತಾರೆ. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ತಂಡದ ಟ್ರೈಗೆ (ಚೆಂಡನ್ನು ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಗಳಿಸುವ ಅಂಕ) ಮುನ್ನ ನಿಯಮ ಮೀರಿ ಚೆಂಡನ್ನು ಮುಂದಕ್ಕೆ ಎಸೆದದ್ದು ಇದೇ ಬಾರ್ನ್ಸ್ ಕಣ್ಣಿಗೆ ಬೀಳಲಿಲ್ಲ. ನಾವು 20-18ರಲ್ಲಿ ಸೋತು ಮನೆಗೆ ಹೋದೆವು. ಆಗಲೂ ಅವರಿಗೆ ಕೊಲೆ ಬೆದರಿಕೆ ಬಂದಿತ್ತು. ತಪ್ಪಾದಾಗ ದೂರು ಸಲ್ಲಿಸಲು ತಂಡಗಳಿಗೆ ದಾರಿಯಿದೆ. ಆ ದಾರಿ ಬಿಟ್ಟು, 2021ರಲ್ಲಿ ದಕ್ಷಿಣ ಆಫ್ರಿಕಾದ ಆಗಿನ ರಗ್ಬಿ ನಿರ್ದೇಶಕ ರಾಸಿ ಎರಾಸ್ಮಸ್ ಅವರು ರೆಫರಿ ನಿಕ್ ಬೆರ್ರಿ ಅವರ ತೀರ್ಪುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ, ಒಂದು ಗಂಟೆಗೂ ಮೀರಿದ ವಿಡಿಯೊ ಮಾಡಿದರು. ಅದು ಜಗತ್ತಿನ ಮುಂದೆ ಹರಿದಾಡಿತು. ರಗ್ಬಿಯ ಎಲ್ಲ ಚಟುವಟಿಕೆಗಳಿಂದ ಅವರಿಗೆ ಸಿಕ್ಕಿದ ಪೂರ್ಣ ನಿಷೇಧ ಎರಡೇ ತಿಂಗಳು. ಪಂದ್ಯದ ದಿನಗಳಿಗಷ್ಟೇ ಅದು ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೆ ಇತ್ತು. ಹೊಣೆಯಲ್ಲಿರುವವರೇ ಹೀಗೆ ಮಾಡಿದರೆ ಫೋನ್ ಹಿಡಿದು ಕುಳಿತ ಅಭಿಮಾನಿಗೆ ಯಾವ ಅಂಕೆ?

111 ಟೆಸ್ಟ್ (ಅಂತರರಾಷ್ಟ್ರೀಯ) ಪಂದ್ಯಗಳನ್ನು ನಡೆಸಿದ ಬಾರ್ನ್ಸ್ ಆ ಫೈನಲ್ ಮುಗಿದ ವಾರದೊಳಗೇ ನಿವೃತ್ತಿ ಘೋಷಿಸಿದರು. ಅದೇ ಪಂದ್ಯದಲ್ಲಿ ವಿಡಿಯೊ ನೋಡಿ ನೆರವಾಗುವ ಟಿವಿ ರೆಫರಿಯಾಗಿದ್ದ ಟಾಮ್ ಫೋಲಿ ಕೆಲವೇ ವಾರಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ತಮಗೆ ಬಂದ ನಿಂದನೆ, ಬೆದರಿಕೆಗಳೇ ಕಾರಣವೆಂದು ಬಹಿರಂಗವಾಗಿ ಹೇಳಿದರು. 2027ರಲ್ಲಿ ಆಸ್ಟ್ರೇಲಿಯಾದ ವಿಶ್ವಕಪ್‌ನಲ್ಲಿ ಯಾರೇ ಸೀಟಿ ಹಿಡಿಯಲಿ, ಅವರ ತೀರ್ಪು ತಪ್ಪೆನಿಸಿದರೆ ತೀರ್ಪಿನ ಬಗ್ಗೆ ಮನಬಿಚ್ಚಿ ಬರೆಯಿರಿ. ಅವರ ಮನೆಯವರ ತಂಟೆಗೆ ಹೋಗುವವರು ನನ್ನ ಗೆಳೆಯರ ಪಟ್ಟಿಯಲ್ಲಿದ್ದರೆ ಈಗಲೇ ಹೊರಡಬಹುದು.